ಕಾರಿನೊಳಗೆ ಕೂತವರನ್ನು ಕೇಳಿದಿರಾ?

ಆ್ಯಪ್ ಡಿಸೈನ್ ಮಾಡುವ ನಮಗೆ ‘ಪರ್ಸೋನಾ’ ಅನ್ನೋದು ದಿನನಿತ್ಯದ ಮಾತು. ಇಲ್ಲದ ಗ್ರಾಹಕನಿಗೊಂದು ಹೆಸರು, ವಯಸ್ಸು, ಊರು ಕೊಟ್ಟು, ಅವನಿಗೇನು ಬೇಕು ಅಂತ ನಾವೇ ಕೇಳಿ ನಾವೇ ಉತ್ತರ ಹೇಳಿಕೊಳ್ಳುತ್ತೇವೆ. ಊಹೆ ತಪ್ಪಿದರೆ ಯಾರೋ ಆ್ಯಪ್ ತೆಗೆದುಹಾಕುತ್ತಾರೆ, ಅಷ್ಟೇ. ಊಹಿಸುವವನ ಕೈಯಲ್ಲಿ ಬಂದೂಕಿದ್ದರೆ?

2005ರ ಮಾರ್ಚ್ 4ರ ರಾತ್ರಿ. ಇರಾಕಿನಲ್ಲಿ ಅಪಹರಣಕಾರರಿಂದ ಆಗಷ್ಟೇ ಬಿಡುಗಡೆಯಾಗಿದ್ದ ಇಟಲಿಯ ಪತ್ರಕರ್ತೆ ಜೂಲಿಯಾನಾ ಸ್ಗ್ರೇನಾ ಬಾಗ್ದಾದ್ ವಿಮಾನ ನಿಲ್ದಾಣದ ಕಡೆ ಹೊರಟಿದ್ದರು. ದಾರಿಯಲ್ಲಿ ಅಮೆರಿಕದ ಸೈನಿಕರು ಕಾರಿನ ಮೇಲೆ ಗುಂಡು ಹಾರಿಸಿದರು. ಆಕೆಯನ್ನು ಬಿಡಿಸಿ ತಂದಿದ್ದ ಗುಪ್ತಚರ ಅಧಿಕಾರಿ ನಿಕೋಲಾ ಕಲಿಪಾರಿ ಸತ್ತರು. ಕಾರು ಜೋರಾಗಿ ಬಂತು, ಎಚ್ಚರಿಸಿದರೂ ನಿಲ್ಲಲಿಲ್ಲ ಅಂದರು ಸೈನಿಕರು. ನಾವು ಜೋರಾಗಿ ಹೋಗುತ್ತಿರಲಿಲ್ಲ, ಯಾರೂ ಎಚ್ಚರಿಸಲೂ ಇಲ್ಲ ಅಂದರು ಕಾರಿನಲ್ಲಿದ್ದವರು. ಎರಡು ದೇಶಗಳ ತನಿಖೆಯೂ ಒಂದೇ ತೀರ್ಮಾನಕ್ಕೆ ಬರಲಿಲ್ಲ.

ಆ ಸೈನಿಕರಿಗೆ ಮೊದಲೇ ವಿಆರ್ ಹೆಡ್‌ಸೆಟ್ ಹಾಕಿ, ಅಂಥದೊಂದು ಕಾರಿನೊಳಗೆ ಕೂರಿಸಿದ್ದರೆ? ಆಸೆ ಹುಟ್ಟಿಸುವ ಯೋಚನೆಯೇ. ಬಾರ್ಸಿಲೋನಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಆರ್‌ನಲ್ಲಿ ಕಪ್ಪು ಮೈಬಣ್ಣದ ದೇಹ ತೊಟ್ಟ ಬಿಳಿಯರ ಒಳಗಿನ ಜನಾಂಗೀಯ ಪೂರ್ವಗ್ರಹ ಕಡಿಮೆಯಾಗಿತ್ತು. ಅಮೆರಿಕದ ಸೇನೆಯಂತೂ 1999ರಲ್ಲೇ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇಂಥ ತಂತ್ರಜ್ಞಾನಕ್ಕೆಂದೇ ಒಂದು ಸಂಸ್ಥೆಗೆ ಹಣ ಕೊಟ್ಟಿತ್ತು. ಇರಾಕಿ ಮುಖಂಡರ ಜೊತೆ ಮಾತುಕತೆ ನಡೆಸೋದನ್ನು ಕಲಿಸುವ ಕಂಪ್ಯೂಟರ್ ಆಟವೂ ಅಲ್ಲಿ ತಯಾರಾಯಿತು.

ನನ್ನ ತಕರಾರು ಇಷ್ಟೇ: ಹೆಡ್‌ಸೆಟ್‌ನಲ್ಲಿ ಸಿಗುವ ಇರಾಕಿಗೆ, ಅವನನ್ನು ಬರೆದವನಿಗೆ ಗೊತ್ತಿರುವಷ್ಟೇ ಗೊತ್ತಿರುತ್ತದೆ. ಅವನೂ ಒಂದು ಪರ್ಸೋನಾ. 2018ರಲ್ಲಿ ಈಯಲ್, ಸ್ಟೆಫೆಲ್, ಎಪ್ಲಿ ಎಂಬ ಮೂವರು 25 ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಎದುರಿನವರ ಜಾಗದಲ್ಲಿ ನಿಂತು ಊಹಿಸಿದ ಮಾತ್ರಕ್ಕೆ ಅವರ ಮನಸ್ಸು ಹೆಚ್ಚು ಸರಿಯಾಗಿ ತಿಳಿಯೋದಿಲ್ಲ. ತಿಳಿಯೋದು ಅವರನ್ನೇ ಕೇಳಿದಾಗ. ನಮ್ಮ ಅಜ್ಜಿಯರಿಗೆ ಇದಕ್ಕೆ ಪ್ರಯೋಗ ಬೇಕಿರಲಿಲ್ಲ ಬಿಡಿ. ಆದರೆ ಊಹೆ ಸರಿಯಾಗಿದೆ ಅನ್ನುವ ಭ್ರಮೆ ಬಂದೂಕಿನ ಜೊತೆ ಸೇರಿದರೆ, ಏನೂ ಊಹಿಸದಿರುವುದಕ್ಕಿಂತ ಅಪಾಯ.

ಕ್ಯಾಲಿಫೋರ್ನಿಯಾದ ಫೋರ್ಟ್ ಅರ್ವಿನ್‌ನಲ್ಲಿ ಅಮೆರಿಕದ ಸೇನೆ ಮರುಭೂಮಿಯಲ್ಲಿ ನಕಲಿ ಇರಾಕಿ ಹಳ್ಳಿಗಳನ್ನು ಕಟ್ಟಿ, ಪಾತ್ರ ಮಾಡಲು ಇರಾಕಿ ಮೂಲದವರನ್ನೇ ಕರೆಸಿತ್ತು. ನನಗೆ ಅದರ ಮೇಲೇ ಹೆಚ್ಚು ನಂಬಿಕೆ. ವಿಆರ್ ಬೇಡ ಅಂತಲ್ಲ, ಇರಲಿ. ಹೆಡ್‌ಸೆಟ್ ತೆಗೆದ ಮೇಲೆ, ಎದುರಿನ ಕುರ್ಚಿಯಲ್ಲಿ ನಿಜವಾಗಿಯೂ ಅಂಥ ರಸ್ತೆಯಲ್ಲಿ ಕಾರು ಓಡಿಸಿದವನೊಬ್ಬ ಕೂತಿರಬೇಕು. ‘ಹಾಗಲ್ಲ ಕಣಪ್ಪಾ, ನನಗೆ ಕಂಡಿದ್ದೇ ಬೇರೆ’ ಅನ್ನುವ ಅವಕಾಶ ಅವನಿಗಿರಬೇಕು.