ಮಂಚದ ಕೆಳಗಿನ ಕೊಲೆಗಾರ

2018ರ ಸೆಪ್ಟೆಂಬರ್ 4ರಂದು ಮಾಜೇರ್‌ಹಾಟ್ ಸೇತುವೆ ಕುಸಿಯಿತಲ್ಲ, ಆಮೇಲೆ ಬೆಹಾಲಾದಿಂದ ನನ್ನ ಆಫೀಸಿಗೆ ಸುತ್ತುದಾರಿಯ ಬಸ್ಸಿನಲ್ಲಿ ಎರಡು ಗಂಟೆ. ಆ ಬಸ್ಸಿನಲ್ಲೇ, ಮೊಬೈಲಿನಲ್ಲಿ, ಒಂದು ಪತ್ತೇದಾರಿ ಕಾದಂಬರಿ ಬರೆದೆ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಅಪ್ಪ ಲೈಬ್ರರಿಯಿಂದ ತರುತ್ತಿದ್ದರು. ಚಟ ಹತ್ತಿದ್ದು ಅಲ್ಲಿಂದ.

ಪ್ರಕಾಶಕರೊಬ್ಬರು “ಇದನ್ನೆಲ್ಲ ಈಗ ಯಾರು ಓದ್ತಾರೆ ಸಾರ್?” ಅಂದರು. ಹೆಂಡತಿ ಊರಿನ ಚೀಟಿ ಎತ್ತಿ ಕೊಟ್ಟಳು. ಬೆಂಗಳೂರಿನಲ್ಲಿ 300 ಪ್ರತಿ ಅಚ್ಚು ಹಾಕಿಸಿ, ಬುದ್ಧಿಗೇಡಿ ನಾನು, ಎಲ್ಲವನ್ನೂ ಇಲ್ಲಿಗೆ ತರಿಸಿಕೊಂಡೆ. ಕನ್ನಡ ಪುಸ್ತಕ ಬಂಗಾಳಕ್ಕೆ ಬಂದು, ಒಂದೊಂದಾಗಿ ಅಂಚೆಯಲ್ಲಿ ಮತ್ತೆ ಕರ್ನಾಟಕಕ್ಕೆ ಹೋಗಬೇಕು! ಗಳಗನಾಥರು ತಮ್ಮ ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು. ನಾನು ಭಾನುವಾರ ಫೇಸ್‌ಬುಕ್ಕಿನಲ್ಲಿ ಗೋಗರೆದು ಸೋಮವಾರ ಪೋಸ್ಟಾಫೀಸಿನ ಸಾಲಿನಲ್ಲಿ ನಿಂತೆ. ಎರಡು ವರ್ಷದಲ್ಲಿ ಹೋದದ್ದು 180. ಉಳಿದವು ಮಂಚದ ಕೆಳಗಿವೆ. ಚೀಟಿಯ ಕಂತು ಇನ್ನೂ ಮುಗಿದಿಲ್ಲ. ಅವಳು ಒಮ್ಮೆಯೂ ಆಡಿ ತೋರಿಸಿಲ್ಲ, ಅದೇ ಕಷ್ಟ.

ಮನೆ ಓನರ್ ಮಾಶಿಮಾಗೆ ಕನ್ನಡ ಬಾರದು. ಒಂದು ಸಂಜೆ ಹರಕುಮುರುಕು ಬಂಗಾಳಿಯಲ್ಲಿ ಕತೆ ಹೇಳಿದೆ. ಅರ್ಧಕ್ಕೇ ತಡೆದು, “ಕೊಂದದ್ದು ಮೈದುನ ತಾನೇ?” ಅಂದರು. ಹೌದು, ಮೈದುನನೇ. ಕೊಂಡವರಲ್ಲಿ ಒಬ್ಬರೂ ಇದನ್ನು ನನಗೆ ಹೇಳಿರಲಿಲ್ಲ. ಹೆಚ್ಚಿನವರು ಪರಿಚಯದವರು, ‘ಸೂಪರ್’ ಅಂದು ಸುಮ್ಮನಾಗಿದ್ದರು.

ಈಗ ಎರಡನೆಯದು ಬರೆಯುತ್ತಿದ್ದೇನೆ. ಪ್ರತಿ ಅಧ್ಯಾಯವೂ ಮೊದಲು ಮಾಶಿಮಾಗೆ. ಎಂಟನೆಯದಕ್ಕೆ ಬಂದಿದ್ದೇವೆ, ಅವರಿಗಿನ್ನೂ ಮೂವರ ಮೇಲೆ ಅನುಮಾನ. ಅಚ್ಚಿನ ದುಡ್ಡಿನ ಮಾತು ಮಾತ್ರ ಹೆಂಡತಿಯ ಹತ್ತಿರ ಎತ್ತಿಲ್ಲ.