ಕೈಲ್‌ಪೊಳ್ದಿಗೆ ಮುಂಚಿನ ಒಂದು ತಿಂಗಳು

ಕೊಡಗಿನಲ್ಲಿ ಆಗಸ್ಟ್ 3ಕ್ಕೆ ಒಂದು ಹಬ್ಬ, ಸೆಪ್ಟೆಂಬರ್ 3ಕ್ಕೆ ಇನ್ನೊಂದು. ಮೊದಲನೆಯದು ಕಕ್ಕಡ ಪದಿನೆಟ್ಟ್, ಕರ್ಕಾಟಕ ಮಾಸದ ಹದಿನೆಂಟನೇ ದಿನ. ಅಂದು ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಅಪರೂಪ. ಎರಡನೆಯದು ಕೈಲ್‌ಪೊಳ್ದ್, ಆಯುಧಗಳ ಹಬ್ಬ. ಅಂದು ಕೋವಿಗೆ ಪೂಜೆ, ಊಟಕ್ಕೆ ಹಂದಿ ಕರಿ ಮತ್ತು ಅಕ್ಕಿ ತರಿಯ ಕಡುಂಬುಟ್ಟು. ಹಬ್ಬಗಳ ಬಗ್ಗೆ ಬರೆಯುವವರು ಇವೆರಡನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತಾರೆ. ನನಗೆ ಇವು ಒಂದೇ ಕೆಲಸದ ಎರಡು ತುದಿಗಳಾಗಿ ಕಾಣುತ್ತವೆ. ಆ ತುದಿಯಲ್ಲಿ ಮೈಗೆ ಮದ್ದು, ಈ ತುದಿಯಲ್ಲಿ ಕೈಗೆ ಕೋವಿ. ನಡುವಿನ ತಿಂಗಳಿನಲ್ಲಿ ಬಯಲ ಗದ್ದೆಯ ಕೆಸರು ಒಂದಿಡೀ ನಾಡಿನ ಮೈಯನ್ನು ಬೇಟೆಗೆ ಸಿದ್ಧ ಮಾಡುತ್ತಿತ್ತು. ಯಾರೂ ಅದನ್ನು ವ್ಯಾಯಾಮ ಎಂದು ಕರೆಯಲಿಲ್ಲ, ಅಷ್ಟೆ.

ಬೇಟೆಯ ಕಾಲ ಮುಗಿದು ಐವತ್ತು ವರ್ಷ ದಾಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನಲ್ಲಿ ಈಡು ಹೊಡೆಯುವುದು ಅಪರಾಧ. ಅದು ಹಾಗೆಯೇ ಇರಬೇಕು ಎಂದು ನಂಬುವವನು ನಾನು. ಹುಲಿ ಹೊಡೆದವನನ್ನು ಮಂಟಪದಲ್ಲಿ ಕೂರಿಸಿ, ಊರೆಲ್ಲ ಸೇರಿ ನರಿ ಮಂಗಲ (ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ) ಎಂಬ ಮರ್ಯಾದೆ ಮಾಡುತ್ತಿದ್ದ ಕಾಲವೊಂದಿತ್ತು. ಆ ಮರ್ಯಾದೆ ಹೋದದ್ದಕ್ಕೆ ನನಗೆ ದುಃಖವಿಲ್ಲ. ನಾಗರಹೊಳೆಯಲ್ಲಿ ಇಂದಿಗೂ ಹುಲಿ ಇದೆ ಎನ್ನುವುದೇ ದೊಡ್ಡದು. ಕೋವಿ ಮಾತ್ರ ಮನೆಯಲ್ಲಿ ಉಳಿಯಿತು. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ಮುಂದುವರಿದಿದ್ದು, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ಇದೆ. ಹಾಗಾಗಿ ಕೈಲ್‌ಪೊಳ್ದಿನ ಈಡು ಈಗ ಬೀಳುವುದು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ. ಗುರಿ ಬದಲಾಗಿದೆ, ಸರಿಯೇ. ಆದರೆ ಬೇಟೆಯ ಜೊತೆಗೆ ಬೇಟೆಗಾರನ ಮೈಯನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ. ನನ್ನ ಸಂಕಟ ಅದು.

ಆ ತಿಂಗಳು ಹೇಗೆ ಶುರುವಾಗುತ್ತಿತ್ತು ಎಂದು ಹೇಳುತ್ತೇನೆ. ಕಕ್ಕಡದಲ್ಲಿ ಕೊಡಗಿನ ಮಳೆ ಒಂದೇ ಸಮನೆ ಹೊಯ್ಯುತ್ತದೆ. ಮದುವೆ ಮುಂಜಿ ಇಲ್ಲ, ನೆಂಟರ ಮನೆಗೆ ಹೋಗುವುದಿಲ್ಲ. ಕೋವಿ, ಒಡಿಕತ್ತಿ ಎಲ್ಲ ಐನ್‌ಮನೆಯ, ಎಂದರೆ ಮನೆತನದ ಮೂಲಮನೆಯ, ದೇವರ ಕೋಣೆಯಲ್ಲಿ. ಮದ್ದುಸೊಪ್ಪು ತೋಟದ ಬೇಲಿಯ ಬದಿಯಲ್ಲಿ, ತೋಡಿನ ದಡದಲ್ಲಿ ನೆರಳು ನೋಡಿಕೊಂಡು ಬೆಳೆಯುವ ಗಿಡ. ಉಳಿದ ದಿನಗಳಲ್ಲಿ ಅದಕ್ಕೆ ಪರಿಮಳವೇ ಇಲ್ಲ. ಕಕ್ಕಡ ಹದಿನೆಂಟು ಹತ್ತಿರ ಬಂದಂತೆ ವಾಸನೆ ಏರುತ್ತದೆ, ಆ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧ ಸೇರುತ್ತದೆ ಎಂಬುದು ಹಿರಿಯರ ನಂಬಿಕೆ. ಸೊಪ್ಪನ್ನು ಕಾಂಡದ ಸಮೇತ ತುಂಡು ಮಾಡಿ ದೊಡ್ಡ ಪಾತ್ರೆಯಲ್ಲಿ ಕುದಿಸಬೇಕು. ಎಲೆ ಹಸಿರೇ, ಆದರೆ ನೀರು ಮೊದಲು ಕೆಂಪಾಗಿ, ಆಮೇಲೆ ನೇರಳೆಯಾಗಿ, ಕೊನೆಗೆ ಹೆಚ್ಚೂಕಮ್ಮಿ ಕಪ್ಪಾಗಿಬಿಡುತ್ತದೆ. ಆ ನೀರನ್ನು ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ ಮತ್ತು ತೆಂಗಿನಕಾಯಿ ಹಾಕಿ, ಮೇಲೆ ತುಪ್ಪವನ್ನೋ ಜೇನನ್ನೋ ಬಿಟ್ಟರೆ ಪಾಯಸ. ಮಾರನೆಯ ದಿನ ಮೂತ್ರವೂ ಬಣ್ಣಕ್ಕೆ ತಿರುಗುತ್ತದೆ. ಮದ್ದು ಮೈಗೆ ಹತ್ತಿತು ಎಂದು ಮಕ್ಕಳು ಒಬ್ಬರಿಗೊಬ್ಬರು ಸಾರುತ್ತಾರೆ.

ಆ ತಿಂಗಳ ಊಟವೇ ಬೇರೆ. ಕಣಿಲೆಯನ್ನು ಕೊಯ್ದು ನೀರಿನಲ್ಲಿ ಹಾಕಿ, ದಿನವೂ ನೀರು ಬದಲಿಸಿ, ವಿಷ ಬಿಟ್ಟ ಮೇಲೆ ಕರಿ ಮಾಡುವುದು. ಕಾಡು ಕೆಸುವಿನ ಎಲೆ, ಮಳೆಗೆ ಎದ್ದ ಅಣಬೆ, ಗದ್ದೆಯ ಅಂಚಿನ ಏಡಿ, ನಾಟಿ ಕೋಳಿಯ ಸಾರು. ಇವು ನಾಲಿಗೆಗೆ ರುಚಿ ಎನ್ನುವುದು ನಿಜ, ಆದರೆ ಅಡುಗೆಮನೆಯ ಲೆಕ್ಕ ಬೇರೆಯಿತ್ತು: ದಿನವಿಡೀ ತಣ್ಣೀರಿನಲ್ಲಿ ನಿಂತು ಬರುವವರ ಮೈ ಬಿಸಿಯಾಗಿರಬೇಕು, ಹೊಟ್ಟೆ ತುಂಬಿರಬೇಕು.

ಇನ್ನು ಗದ್ದೆ. ಉತ್ತು ಹದ ಮಾಡಿದ ಬಯಲಿನಲ್ಲಿ ಕಾಲಿಟ್ಟರೆ ಕೆಸರು ಮೊಣಕಾಲಿನ ಹತ್ತಿರ ಬರುತ್ತದೆ. ಇಟ್ಟ ಕಾಲನ್ನು ಕೀಳಲು ಮೀನಖಂಡ, ತೊಡೆ, ಸೊಂಟ ಮೂರೂ ಒಟ್ಟಿಗೆ ಎಳೆಯಬೇಕು. ಕಿತ್ತ ಕಾಲನ್ನು ಹಿಂದಕ್ಕೆ ಇಡಬೇಕು, ಏಕೆಂದರೆ ನಾಟಿಯಲ್ಲಿ ನಡೆಯುವುದು ಹಿಮ್ಮುಖವಾಗಿ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯ ಹೆಬ್ಬೆರಳು ಮತ್ತೆರಡು ಬೆರಳು ಸೇರಿ ನಾಲ್ಕೈದು ಸಸಿಯನ್ನು ಕೆಸರಿಗೆ ಒತ್ತಿ, ಅದು ನಿಂತದ್ದು ಬೆರಳಿಗೇ ಗೊತ್ತಾಗಿ, ಮತ್ತೆ ಒಂದು ಹೆಜ್ಜೆ ಹಿಂದಕ್ಕೆ. ಬೆನ್ನು ಬಗ್ಗಿಯೇ ಇರುತ್ತದೆ. ಕೊಪ್ಪೆಯ ಮೇಲೆ ಮಳೆ ಹೊಡೆಯುತ್ತಿರುತ್ತದೆ. ಪಾದಕ್ಕೆ ಕೆಳಗೇನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕಲ್ಲೋ ಬೇರೋ ಜಾರುವ ಜೇಡಿಯೋ, ಅಂಗಾಲೇ ತಿಳಿದುಕೊಂಡು ಹರಡನ್ನು ಅತ್ತಿತ್ತ ತಿರುಗಿಸಿಕೊಳ್ಳಬೇಕು. ಮೊದಲ ದಿನಗಳಲ್ಲಿ ರಾತ್ರಿ ಮಗ್ಗುಲು ಬದಲಿಸಲೂ ಆಗುವುದಿಲ್ಲ. ವಾರ ಕಳೆದರೆ ಮೈ ಒಪ್ಪಿಕೊಳ್ಳುತ್ತದೆ. ತಿಂಗಳು ತುಂಬುವಷ್ಟರಲ್ಲಿ ಕೆಸರಿನಲ್ಲಿ ನಡೆದ ಕಾಲಿಗೆ ಗಟ್ಟಿ ನೆಲ ಎಷ್ಟು ಹಗುರ ಎನ್ನುವುದನ್ನು ನಡೆದವರೇ ಬಲ್ಲರು.

ನಾಟಿ ಮುಗಿಯುವಾಗ ಒಂದು ಪರೀಕ್ಷೆಯೂ ಇತ್ತು. ಎಲ್ಲಕ್ಕಿಂತ ದೊಡ್ಡ ಗದ್ದೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಸುಮಾರು 10 ಅಡಿ ಅಗಲದ ಪಟ್ಟಿಯನ್ನು ನೆಡದೆ ಬಿಡುತ್ತಿದ್ದರು. ಅದೇ ನಾಟಿ ಓಟದ ದಾರಿ. ಗೆದ್ದವನಿಗೆ ಬಟ್ಟೆ, ಹಿಂದೆ ಬಂದವರಿಗೆ ಬಾಳೆಗೊನೆ, ಹಲಸಿನ ಹಣ್ಣು. ಕೆಸರಿನಲ್ಲಿ ವೇಗಕ್ಕಿಂತ ಕಾಲು ಕೀಳುವ ಲಯ ಮುಖ್ಯ. ಗಾಬರಿಯಾದವನು ಮೂರನೇ ಹೆಜ್ಜೆಗೆ ಮಕಾಡೆ ಬೀಳುತ್ತಾನೆ. ಊರವರೆಲ್ಲ ಏರಿಯ ಮೇಲೆ ನಿಂತು ನೋಡುತ್ತಿದ್ದರು. ಮುಂದಿನ ತಿಂಗಳ ಕಾಡಿನಲ್ಲಿ ಯಾರ ಕಾಲನ್ನು ನಂಬಬಹುದು ಎನ್ನುವುದು ಅಲ್ಲೇ ಗೊತ್ತಾಗುತ್ತಿತ್ತು ಎಂದು ನನ್ನ ಊಹೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಬಯಲುಗಳಲ್ಲಿ ಬಗ್ಗಿದ ಬೆನ್ನುಗಳೆಲ್ಲ ಗದ್ದೆಯ ಒಡೆಯರದ್ದಾಗಿರಲಿಲ್ಲ. ಯರವ ಆದಿವಾಸಿಗಳು ತಲೆಮಾರುಗಟ್ಟಲೆ ಅಲ್ಲಿ ದುಡಿದರು, ಬಹುಪಾಲು ಜೀತದಲ್ಲಿ. ಅದೇ ಕೆಸರು ಅವರ ಮೈಯನ್ನೂ ಗಟ್ಟಿ ಮಾಡಿತು. ಆದರೆ ಹಬ್ಬದ ದಿನ ಕೋವಿಯನ್ನು ಕೈಗಿಡಲು ಅವರಿಗೆ ಯಾರೂ ಇರಲಿಲ್ಲ. ಹಳೆಯ ದುಡಿಮೆಯನ್ನು ಹೊಗಳುವವರು ಇದನ್ನು ಮರೆತು ಹೊಗಳಬಾರದು. ಕಟ್ಟುಮಸ್ತಾದ ಮೈ ಎನ್ನುವುದು ಸಾಕಷ್ಟು ಉಂಡು, ಸಾಕಷ್ಟು ಮಲಗಿ, ಮೆಚ್ಚಿ ದುಡಿದವರಿಗೆ ಸಿಕ್ಕ ಭಾಗ್ಯ. ಬಲವಂತದ ದುಡಿಮೆ ಮೈಯನ್ನು ಸವೆಸುತ್ತದೆ.

ಬೇಟೆ ಆ ಮೈಯಿಂದ ಏನು ಕೇಳುತ್ತಿತ್ತು? ಹಳುವಿಗೆ ನುಗ್ಗಿ ಕಾಡು ಸೋವುವವರು ಮುಳ್ಳು, ಬಳ್ಳಿ, ಜಾರುವ ಇಳಿಜಾರುಗಳ ನಡುವೆ ಕೂಗುತ್ತಾ ಹತ್ತಿ ಇಳಿಯಬೇಕು. ಬಿಲ್ಲಿಗೆ, ಎಂದರೆ ಕೋವಿ ಹಿಡಿದು ಹೊಂಚುವ ಜಾಗಕ್ಕೆ, ನಿಂತವರು ಅಲುಗಾಡದೆ ಕಾಯಬೇಕು. ಜಿಗಣೆ ಹತ್ತಿದರೂ ಕೈ ಚಾಚುವಂತಿಲ್ಲ. ಹಂದಿ ಪಕ್ಕದ ಕಣಿವೆಗೆ ಹಾರಿತೆಂದರೆ ಬಿಲ್ಲಿನವನೂ ಗುಡ್ಡ ಹತ್ತಿ ಓಡಬೇಕು. ಬಿದ್ದ ಹಂದಿ ತೊಂಬತ್ತು ಕೆಜಿ ತೂಗಿದರೆ ಅದನ್ನು ಗಳಕ್ಕೆ ಕಟ್ಟಿ ಹೆಗಲ ಮೇಲೆ ಊರಿಗೆ ತರಬೇಕು, ಅದೂ ಇಳಿಜಾರಿನಲ್ಲಿ. ಓಟ, ಸ್ಥಿರತೆ, ಹೊರೆ ಮೂರೂ ಒಂದೇ ದಿನದಲ್ಲಿ.

ಈ ಮೂರರಲ್ಲಿ ಕಷ್ಟದ್ದು ಓಟದಿಂದ ಸ್ಥಿರತೆಗೆ ಬರುವುದು. ನಮ್ಮ ಪಕ್ಕದ ತೋಟದಲ್ಲಿ, ಹಿಂದೆ ಬೇಟೆಗೆ ಹೋಗುತ್ತಿದ್ದ ಹಿರಿಯರೊಬ್ಬರಿದ್ದರು. ನಾನು ಗುಡ್ಡ ಹತ್ತಿ ಬಂದು, ಏದುಸಿರಿನಲ್ಲೇ ತೆಂಗಿನಕಾಯಿಗೆ ಕೋವಿ ಎತ್ತಿದಾಗ ಅವರು ನಳಿಗೆಯನ್ನು ಕೆಳಕ್ಕೆ ಒತ್ತಿದರು. “ಮರಕ್ಕೆ ಬೆನ್ನು ಕೊಡು. ಬಾಯಿ ಮುಚ್ಚು. ಮೂಗಿನಲ್ಲಿ ಉಸಿರು ಬಂದ ಮೇಲೆ ಎತ್ತಿದರೆ ಸಾಕು.” ಹೆಚ್ಚು ಮಾತಿನವರಲ್ಲ ಅವರು. ಉಸಿರು ಬಿಟ್ಟ ಮೇಲೆ, ಮತ್ತೆ ಎಳೆದುಕೊಳ್ಳುವ ಮೊದಲು ಎದೆ ಒಂದು ಗಳಿಗೆ ತಾನಾಗಿ ನಿಲ್ಲುತ್ತದೆ. ಕೋವಿಯ ಕುದುರೆ ಎಳೆಯುವುದು ಆಗ. ಎದೆ ಡವಗುಟ್ಟುತ್ತಿದ್ದರೆ ಆ ಗಳಿಗೆ ಸಿಗುವುದೇ ಇಲ್ಲ. ಯುರೋಪಿನ ಹಿಮದ ನಾಡುಗಳಲ್ಲಿ ಬಯಾಥ್ಲಾನ್ ಎಂಬ ಸ್ಪರ್ಧೆಯಿದೆ. ಸ್ಕೀ ಮೇಲೆ ಕಿಲೋಮೀಟರುಗಟ್ಟಲೆ ಜಾರಿ ಬಂದು, 50 ಮೀಟರ್ ದೂರದ ಗುರಿಗೆ ಐದು ಗುಂಡು ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರ್, ನಿಂತು ಹೊಡೆಯುವಾಗ 115. ಓಡಿದ ಎದೆಯನ್ನು ಬೇಗ ಇಳಿಸುವುದೂ ಅಲ್ಲಿನವರ ಅಭ್ಯಾಸದ ಒಂದು ಭಾಗ. ಮೈ ತಯಾರಾಗಿದೆ ಎನ್ನುವುದಕ್ಕೆ ನನ್ನ ಅಳತೆಯೂ ಅದೇ. ಎಷ್ಟು ಭಾರ ಎತ್ತಿದೆ, ಎಷ್ಟು ಬೇಗ ಓಡಿದೆ ಎಂದು ನಾನು ಕೇಳುವುದಿಲ್ಲ. ಏರು ಹತ್ತಿ ನಿಂತ ಮೇಲೆ ಎಷ್ಟು ಬೇಗ ಮೂಗಿನಲ್ಲಿ ಉಸಿರಾಡಿದೆ ಎಂದು ಕೇಳುತ್ತೇನೆ.

ನನ್ನ ಸೋದರಳಿಯ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಜಿಮ್ಮಿಗೆ ತಪ್ಪದೆ ಹೋಗುವ ಹುಡುಗ, ಎದೆ ಭುಜ ನೋಡಿದರೆ ಸಂತೋಷವಾಗುತ್ತದೆ. ಹಬ್ಬಕ್ಕೆ ಮೊದಲು ಒಮ್ಮೆ ಬಂದಾಗ ಇಬ್ಬರೂ ತಡಿಯಂಡಮೋಳಿಗೆ ಹೋದೆವು. 1,748 ಮೀಟರಿನ ಆ ಬೆಟ್ಟ ಕೊಡಗಿನ ಅತಿ ಎತ್ತರದ ಜಾಗ. ನಾಲ್ಕುನಾಡು ಅರಮನೆಯ ಕಡೆಯಿಂದ ಹತ್ತುವ ದಾರಿಯ ಕೊನೆಯ ಏರು ಎಂಥವರನ್ನೂ ಸುಮ್ಮನಾಗಿಸುತ್ತದೆ. ಹತ್ತುವಾಗ ಅವನು ನನಗಿಂತ ಮುಂದೆ. ಇಳಿದು ಮನೆ ಸೇರಿದ ಮರುದಿನ ಮೆಟ್ಟಿಲ ಬಳಿ ನಿಂತು, “ಮಾವ, ಕಾಲು ನನ್ನ ಮಾತೇ ಕೇಳ್ತಿಲ್ಲ” ಎಂದ.

“ಇವತ್ತು ಕೇಳುದಿಲ್ಲ. ನಾಳೆ ಇನ್ನೂ ನೋಯ್ತದೆ. ಮುಂದಿನ ವಾರ ಬಾ, ಕೇಳ್ತದೆ.”

ಅವನನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ ಇದು. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಸ್ನಾಯುವಿನ ಎಳೆಗಳು ಸಣ್ಣಗೆ ಹರಿಯುವುದು ಆಗಲೇ, ನೋವು ಏರುವುದು ಒಂದೆರಡು ದಿನ ಕಳೆದ ಮೇಲೆ. ಮೈಯ ಬುದ್ಧಿವಂತಿಕೆ ನೋಡಿ: ಒಮ್ಮೆ ಹಾಗೆ ನೊಂದ ಸ್ನಾಯು ವಾರಗಟ್ಟಲೆ ಅದನ್ನು ನೆನಪಿಟ್ಟುಕೊಂಡಿರುತ್ತದೆ, ಎರಡನೇ ಸಲ ಅಷ್ಟು ನೋಯುವುದಿಲ್ಲ. ಆದ್ದರಿಂದ ಹಬ್ಬದ ಹಿಂದಿನ ವಾರ ಅವಸರಪಟ್ಟು ಪ್ರಯೋಜನವಿಲ್ಲ, ತಿಂಗಳ ಮುಂಚೆಯೇ ಇಳಿಜಾರಿನ ರುಚಿ ಕಾಲಿಗೆ ತೋರಿಸಿರಬೇಕು. ಜಿಮ್ಮನ್ನು ನಾನು ಹಳಿಯುವುದಿಲ್ಲ, ನಗರದಲ್ಲಿ ಇರುವವರಿಗೆ ಅದೇ ದಾರಿ. ಆದರೆ ಅಲ್ಲಿ ನೆಲ ಸಮತಟ್ಟು, ಹರಡಿಗೆ ಕೆಲಸವೇ ಇಲ್ಲ. ನಗರದಲ್ಲಿಯೂ ಬೆನ್ನಿಗೆ ಹತ್ತು ಕೆಜಿಯ ಚೀಲ ಹಾಕಿಕೊಂಡು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ, ಲಿಫ್ಟ್ ಬಿಟ್ಟು ನಡೆದೇ ಇಳಿ ಎಂದು ಅವನಿಗೆ ಹೇಳಿದ್ದೇನೆ. ಇಳಿಯುವುದೇ ಮುಖ್ಯ. ಮಂಡಿ ನೋವಿದ್ದವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಊರಿನಲ್ಲಿ ಇರುವ ನಮ್ಮ ಪಾಡು ನಗರದವರ ಪಾಡಿಗಿಂತ ಮೇಲು ಎಂದು ಹೇಳುವಂತಿಲ್ಲ. ಗದ್ದೆಗಳು ಪಾಳು ಬೀಳುತ್ತಿವೆ. ಕೂಲಿ ಹುಟ್ಟುವುದಿಲ್ಲ, ಭತ್ತಕ್ಕೆ ಬೆಲೆಯಿಲ್ಲ, ಆನೆ ಬಂದರೆ ಬೆಳೆ ಒಂದೇ ರಾತ್ರಿಗೆ ಮುಗಿಯಿತು. ಹಲವರು ಬಯಲಿನಲ್ಲಿ ಅಡಿಕೆ ಇಟ್ಟರು, ಕೆಲವರು ಹಾಗೆಯೇ ಬಿಟ್ಟರು. ಅವರನ್ನು ದೂರುವುದು ನ್ಯಾಯವಲ್ಲ. ಗದ್ದೆ ಹೋದರೆ ಮಳೆನೀರು ನಿಂತು ಇಂಗುವ ಜಾಗ ಹೋಗುತ್ತದೆ, ಅದನ್ನು ತಿಳಿದವರು ಹೇಳುತ್ತಲೇ ಇದ್ದಾರೆ. ಅದರ ಜೊತೆಗೆ ಹೋಗುವ ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಕಕ್ಕಡದ ಪಾಯಸ ಉಳಿದಿದೆ, ಕೈಲ್‌ಪೊಳ್ದಿನ ಕರಿ ಉಳಿದಿದೆ, ಕೋವಿಯ ಬಾಯಿಗೆ ಸಿಕ್ಕಿಸುವ ತೋಕ್ ಪೂ ಈಗಲೂ ಬೇಲಿಯಲ್ಲಿ ಕೆಂಪು ಹಳದಿಯಾಗಿ ಅರಳುತ್ತದೆ. ನಡುವಿನ ತಿಂಗಳ ದುಡಿಮೆ ಮಾತ್ರ ಜಾರಿ ಹೋಗಿದೆ. ಬೇಟೆಗಾರನಿಗೆ ಬೇಯಿಸಿದ ಅಡುಗೆಯನ್ನು ಕುರ್ಚಿಯಲ್ಲಿ ಕುಳಿತವರು ಉಣ್ಣುತ್ತಿದ್ದೇವೆ, ಮೈ ಅದಕ್ಕೆ ತಕ್ಕ ಉತ್ತರ ಕೊಡುತ್ತಿದೆ.

ಗುಂಡು ಹೊಡೆಯುವ ಸ್ಪರ್ಧೆಗೆ ಜನ ಸೇರುತ್ತಾರೆ, ಅದು ಒಳ್ಳೆಯದು. ಹಗ್ಗಜಗ್ಗಾಟ, ಕೆಸರುಗದ್ದೆಯ ಓಟಗಳನ್ನೂ ಅಲ್ಲಲ್ಲಿ ಮಾಡುತ್ತಾರೆ. ಆದರೆ ಒಂದು ದಿನದ ಆಟಕ್ಕೆಂದು ಗದ್ದೆಯನ್ನು ಕಲಕಿ ಓಡಿದರೆ ಮಂಡಿ ತಿರುಚಿಕೊಳ್ಳುವುದು ಸುಲಭ. ನಾಟಿ ಮಾಡಿದವರು ಓಡಬೇಕು ಎನ್ನುವುದು ನನ್ನ ಹಟ.

ಈ ವರ್ಷ ನಮ್ಮ ತೋಟದ ಕೆಳಗಿನ ಬಯಲನ್ನು ಮತ್ತೆ ನೆಡೋಣ ಎಂದು ಅಕ್ಕಪಕ್ಕದ ನಾವು ಕೆಲವರು ಒಪ್ಪಿದ್ದೇವೆ. ಕೂಲಿಗೆ ಬರುವವರಿಗೆ ಹೊರಗಿನ ದರಕ್ಕಿಂತ ಕಡಿಮೆ ಕೊಡುವುದಿಲ್ಲ, ಊಟ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ. ದೊಡ್ಡ ಗದ್ದೆಯಲ್ಲಿ ಹಳೆಯ ಅಳತೆಯ ಪಟ್ಟಿಯನ್ನು ಬಿಡುತ್ತೇವೆ. ಓಟಕ್ಕೆ ಹೆಂಗಸರು, ಮಕ್ಕಳು, ನಾಟಿಗೆ ಬಂದ ಪ್ರತಿಯೊಬ್ಬರೂ ನಿಲ್ಲಬಹುದು. ಸೋದರಳಿಯ ರಜೆ ಹಾಕುತ್ತೇನೆ ಎಂದಿದ್ದಾನೆ. ಬರುವವರು ಹಳೆಯ ಚಡ್ಡಿ, ಒಂದು ಒಣ ಟವೆಲ್ಲು ತಂದರೆ ಸಾಕು. ಜಿಗಣೆಗೆ ಸುಣ್ಣ, ಹೊಗೆಸೊಪ್ಪು ನಮ್ಮಲ್ಲಿದೆ. ಬೆಳಿಗ್ಗೆ ಏಳಕ್ಕೆ ಗದ್ದೆಗೆ ಇಳಿಯಬೇಕು, ಅದಕ್ಕಿಂತ ತಡವಾದರೆ ಸಸಿ ಕಟ್ಟುಗಳನ್ನು ಹೊರುವ ಕೆಲಸ ತಪ್ಪಿಹೋಗುತ್ತದೆ, ಮೈ ಬಿಸಿಯಾಗುವುದು ಅದರಲ್ಲೇ.