ಎಂಟು ಸ್ವಿಚ್ಚುಗಳು ಕಲಿಸಿದ ಪಾಠ

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಯಂತ್ರಗಳ ಕೆಲಸದಲ್ಲಿ ನಿಂತಾನೆಯೇ ಎಂದು ನನ್ನ ಎಸ್ಸೆಸ್ಸೆಲ್ಸಿ ಮುಗಿದಾಗ ಮನೆಯಲ್ಲಿ ಎಲ್ಲರಿಗೂ ಸಂಶಯವಿತ್ತು. ಇಂದಿಗೂ ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಈ ಸಂಶಯ ಹೋಗಿಲ್ಲ. ಅದಕ್ಕಾಗಿಯೇ ನನ್ನ ಒಂದು ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಾಲಿಟೆಕ್ನಿಕ್ ಮುಗಿಸಿ 1992ರಲ್ಲಿ ಮಂಗಳೂರಿನಲ್ಲಿ ದೂರವಾಣಿ ಯಂತ್ರಗಳನ್ನು ಜೋಡಿಸುವ ಕೆಲಸಕ್ಕೆ ಸೇರಿದೆ. ದೊಡ್ಡ ಕಚೇರಿಗಳಲ್ಲಿ ಒಳಗಿನ ಫೋನುಗಳನ್ನೆಲ್ಲ ಒಂದಕ್ಕೊಂದು ಸೇರಿಸುವ ಒಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಇಪಿಎಬಿಎಕ್ಸ್ ಎಂದು ಹೆಸರು. ಕಪಾಟಿನಲ್ಲಿ ಪುಸ್ತಕಗಳಿದ್ದಂತೆ ಅದರೊಳಗೆ ಕಾರ್ಡುಗಳು ಸಾಲಾಗಿ ನಿಂತಿರುತ್ತವೆ. ಹೆಚ್ಚಿನವು ಮಾತನ್ನು ಸಾಗಿಸುವ ಕಾರ್ಡುಗಳು. ಅಕ್ಷರ, ಅಂಕಿಗಳನ್ನು ಗಣಕಯಂತ್ರಕ್ಕೋ ಪ್ರಿಂಟರಿಗೋ ಕಳುಹಿಸುವುದು ಡೇಟಾ ಕಾರ್ಡು. ನಮ್ಮ ಡೇಟಾ ಕಾರ್ಡಿನ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಎಂಟು ಸ್ವಿಚ್ಚುಗಳಿದ್ದವು. ಒಂದೊಂದಕ್ಕೆ ಎರಡು ಸ್ಥಾನ. ಒಟ್ಟು 256 ಬಗೆಯ ಜೋಡಣೆ. ಕಾರ್ಡು ಹೇಗೆ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುವುದು ಅವೇ.

ಒಂದು ಕಚೇರಿಯಲ್ಲಿ ಯಾರು ಯಾವ ನಂಬರಿಗೆ ಎಷ್ಟು ಹೊತ್ತು ಮಾತಾಡಿದರೆಂಬ ಪಟ್ಟಿ ಅಚ್ಚಾಗಬೇಕಿತ್ತು. ನಾನು ಒಬ್ಬನೇ ಹೋದ ಮೊದಲ ಕೆಲಸ ಅದು. ಪ್ರಿಂಟರು ಒಂದಕ್ಷರವನ್ನೂ ಮೂಡಿಸಲಿಲ್ಲ. ಕೇಬಲ್ ಬದಲಿಸಿದೆ, ಕಾರ್ಡು ಬದಲಿಸಿದೆ, ಸಂಜೆಯಾಯಿತು. "ಈ ಹುಡುಗನಿಗೆ ಇಂಗ್ಲಿಷ್ ಪುಸ್ತಕ ಓದಲು ಬರುವುದಿಲ್ಲವೇನೋ" ಎಂದು ಅಲ್ಲಿ ಯಾರೋ ಹೇಳಿದ್ದು ಕಿವಿಗೆ ಬಿತ್ತು. ಕಣ್ಣು ತುಂಬಿ ಬಂತು.

ಕೊನೆಗೆ ನಮ್ಮ ಹಿರಿಯ ತಂತ್ರಜ್ಞರಿಗೆ ಫೋನು ಮಾಡಿದೆ. "ಕಾರ್ಡನ್ನು ಡಿಟಿಇ ಮಾಡಿದ್ದೀಯೋ, ಡಿಸಿಇಯೋ?" ಎಂದು ಕೇಳಿದರು. ಡಿಟಿಇ ಎಂದೆ. ಅವರು ನಕ್ಕು, "ಪ್ರಿಂಟರೂ ಡಿಟಿಇ. ಡಿಟಿಇ ಎರಡನೆಯ ತಂತಿಯಲ್ಲಿ ಹೇಳುತ್ತದೆ, ಮೂರನೆಯದರಲ್ಲಿ ಕೇಳುತ್ತದೆ. ಡಿಸಿಇ ಅದಕ್ಕೆ ತಿರುಗುಮುರುಗು. ಎರಡೂ ಒಂದೇ ತಂತಿಯಲ್ಲಿ ಹೇಳಲು ಹೊರಟರೆ ಕೇಳುವವರು ಯಾರು ಮಾರಾಯ?" ಎಂದರು.

ಆ ಕ್ಷಣ ನಮ್ಮ ಶಾಲೆಯ ವಿಜ್ಞಾನದ ತರಗತಿ ನೆನಪಾಯಿತು. ಬೆಂಕಿಪೆಟ್ಟಿಗೆ ಮತ್ತು ದಾರದಿಂದ ಫೋನು ಮಾಡಿಸಿದ ಮೇಷ್ಟ್ರು, "ಒಬ್ಬ ಬಾಯಿಗೆ ಹಿಡಿದಾಗ ಇನ್ನೊಬ್ಬ ಕಿವಿಗೆ ಹಿಡಿಯಬೇಕು" ಎಂದಿದ್ದರು. ಹತ್ತು ಸಲ ಓದಿದರೂ ಅರ್ಥವಾಗದ ಇಂಗ್ಲಿಷ್ ಪುಟ ಈಗ ಸ್ಪಷ್ಟವಾಯಿತು.

ಸ್ವಿಚ್ಚು ಬದಲಿಸಿದೆ. ಆದರೂ ಪ್ರಿಂಟರು ಮೌನ! ವಿದ್ಯುತ್ತು ಬಂದ ಕ್ಷಣದಲ್ಲಿ ಮಾತ್ರ ಆ ಕಾರ್ಡು ತನ್ನ ಸ್ವಿಚ್ಚುಗಳನ್ನು ನೋಡಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿತ್ತು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆ. ಅಕ್ಷರಗಳು ಬಂದವು, ಆದರೆ ಎಲ್ಲ ಕಲಸುಮೇಲೋಗರ. ಕಾರ್ಡಿನ ವೇಗ ಸೆಕೆಂಡಿಗೆ 9600 ಬಿಟ್, ಪ್ರಿಂಟರಿನದು 1200. ಒಂದಕ್ಷರಕ್ಕೆ ಆರಂಭದ ಮತ್ತು ಕೊನೆಯ ಗುರುತು ಸೇರಿ 10 ಬಿಟ್ ಬೇಕು. ಸೆಕೆಂಡಿಗೆ 120 ಅಕ್ಷರ ಕೇಳಲು ಕೂತವನಿಗೆ 960 ಅಕ್ಷರ ಸುರಿದರೆ ಏನು ತಿಳಿದೀತು? ಕಾರ್ಡನ್ನು 1200ಕ್ಕೆ ಇಳಿಸಿದೆ. ಪಟ್ಟಿ ಮುತ್ತಿನಂತೆ ಅಚ್ಚಾಯಿತು.

ಇಂದು ಇಂಥ ಎಷ್ಟೋ ಜೋಡಣೆಗಳನ್ನು ಗಣಕಯಂತ್ರದ ಪರದೆಯ ಮೇಲೆಯೇ ಮಾಡುತ್ತಾರೆ. ಆದರೆ ಯಾರು ಹೇಳುವವರು, ಯಾರು ಕೇಳುವವರು, ಎಷ್ಟು ವೇಗ ಎಂಬುದು ಎರಡೂ ಕಡೆ ಹೊಂದಲೇಬೇಕು.

ವಿದ್ಯಾರ್ಥಿ ಮಿತ್ರರೇ, ಇಂಗ್ಲಿಷನ್ನು ಅಗತ್ಯವಾಗಿ ಕಲಿಯಿರಿ; ನಾನೂ ಆಮೇಲೆ ರಾತ್ರಿ ನಿಘಂಟು ಹಿಡಿದು ಕಲಿತೆ. ಆದರೆ ವಿಷಯವನ್ನು ತಿಳಿಯುವ ಬುದ್ಧಿಯನ್ನು ನನಗೆ ಕೊಟ್ಟದ್ದು ಈ ಶಾಲೆಯ ಕನ್ನಡ. ಹೆತ್ತವರು ಇದನ್ನು ನಂಬಬೇಕೆಂದು ನನ್ನ ವಿನಂತಿ.